ಪದ ಬೇಕು: ಕೊಮಾಇನು ಮತ್ತು ಸ್ಟೋನ್‌ವೇರ್

ಎಲ್ಲರಿಗೂ ನಮಸ್ಕಾರ.

ಜಪಾನಿನ ಸೆಟೊ ಊರಿನ ಕುಂಬಾರಿಕೆ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಎರಡು ಪದಗಳನ್ನು, ಜೊತೆಗೆ 'ಗ್ಲೇಜ್' ಅನ್ನುವುದನ್ನೂ, ಕನ್ನಡದಲ್ಲಿ ಏನನ್ನಬೇಕು ಅಂತ ನಿಮ್ಮ ಸಲಹೆ ಬೇಕು.

ಮೊದಲನೆಯದು 'ಕೊಮಾಇನು'. ಜಪಾನಿನ ಮೂಲ ಧರ್ಮವಾದ ಶಿಂಟೊದ ಗುಡಿಗಳನ್ನು ಕಾಯುವ ಜೋಡಿ ಪ್ರಾಣಿಗಳಿವು. 'ಕೊಮಾ' ಅಂದರೆ ಹಳೆಯ ಕೊರಿಯಾ, 'ಇನು' ಅಂದರೆ ನಾಯಿ. ನೋಡಿದರೆ ಮಾತ್ರ ಸಿಂಹವೇ: ಗುಂಗುರು ಜೂಲು, ಮುಂದಕ್ಕೆ ಉಬ್ಬಿದ ಎದೆ. ಹಿಂದೆ ಬಾಯಿ ತೆರೆದದ್ದನ್ನು 'ಶಿಶಿ', ಅಂದರೆ ಸಿಂಹ ಅನ್ನುತ್ತಿದ್ದರು. ಬಾಯಿ ಮುಚ್ಚಿದ, ತಲೆಯ ಮೇಲೆ ಕೊಂಬಿದ್ದದ್ದು ಮಾತ್ರ ಕೊಮಾಇನು. ಈಗ ಎರಡಕ್ಕೂ ಒಂದೇ ಹೆಸರು. ತೆರೆದ ಬಾಯಿ 'ಅ', ಮುಚ್ಚಿದ ಬಾಯಿ 'ಉನ್'. ಈ ಜೋಡಿ ಉಚ್ಚಾರ ಬೌದ್ಧರ ಜೊತೆ ಸಂಸ್ಕೃತದಿಂದ ಅಲ್ಲಿಗೆ ಹೋದದ್ದು.

'ದ್ವಾರಪಾಲಕ' ಅನ್ನಬಹುದಲ್ವಾ ಅಂತ ಕೆಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ದ್ವಾರಪಾಲಕ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗದೆ ಹಿಡಿದ ಜಯ-ವಿಜಯರು. ಅಂಥ ಮನುಷ್ಯರೂಪದ ಕಾವಲುಗಾರರು ಜಪಾನಿನಲ್ಲೂ ಇದ್ದಾರೆ. ನಾರಾ ಊರಿನ ತೋದಾಯ್‌ಜಿ ದೇವಾಲಯದ ದಕ್ಷಿಣ ಮಹಾದ್ವಾರದಲ್ಲಿ 1203ರಲ್ಲಿ ಶಿಲ್ಪಿಗಳಾದ ಉಂಕೆಯ್, ಕಾಯ್ಕೆಯ್ ಮತ್ತು ಅವರ ಸಂಗಡಿಗರು ಮರದಲ್ಲಿ ಮಾಡಿದ ಎರಡು ದೈತ್ಯ ಮೂರ್ತಿಗಳಿವೆ. ಅದೇ ದ್ವಾರದ ಹಿಂಬದಿಯಲ್ಲಿ ಕಲ್ಲಿನ ಸಿಂಹಗಳ ಜೋಡಿಯೂ ಇದೆ. ಎರಡಕ್ಕೂ ಒಂದೇ ಪದ ಬಳಸಿದರೆ ಓದುವವರು ಯಾವುದನ್ನು ಅಂದುಕೊಳ್ಳಬೇಕು? ಹಾಗಾಗಿ 'ಕೊಮಾಇನು' ಅಂತಲೇ ಇಟ್ಟು, ಮೊದಲ ಸಲ ಬಂದಾಗ 'ಕಾವಲು ಸಿಂಹ' ಅಂತ ಬಿಡಿಸಿ ಹೇಳೋಣ ಅನ್ನಿಸುತ್ತದೆ.

ಎರಡನೆಯದು ಇನ್ನೂ ಕಷ್ಟ. ಸೆಟೊದ ಕೊಮಾಇನುಗಳು ಸ್ಟೋನ್‌ವೇರ್. ಊರಿನ ಫುಕಾಗಾವಾ ಗುಡಿಯಲ್ಲಿ ಕಾಮಾಕುರಾ ಕಾಲದ್ದೊಂದು (12ನೇ ಶತಮಾನದ ಕೊನೆಯಿಂದ 14ನೇ ಶತಮಾನದ ಮೊದಲ ಭಾಗ) ಈಗಲೂ ಇದೆ. ಇದನ್ನು 'ಮಣ್ಣಿನ ಗೊಂಬೆ' ಅಂದರೆ ನೀರು ಬಿದ್ದರೆ ಕರಗುವ ವಸ್ತು ಅನ್ನಿಸುತ್ತದೆ. 'ಪಿಂಗಾಣಿ' ಅಂದರೆ ಬೆಳ್ಳಗಿನ ಚಹಾ ಕಪ್-ಬಸಿ ನೆನಪಾಗುತ್ತದೆ. ಇದು ಎರಡೂ ಅಲ್ಲ. ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟು, ನೀರು ಹೀರದಷ್ಟು ಗಟ್ಟಿಯಾದ ಮಣ್ಣು. ನಮ್ಮ ಉಪ್ಪಿನಕಾಯಿ ಭರಣಿಯೂ ಇದೇ ಜಾತಿಯದು. ಅದಕ್ಕೇ 'ಭರಣಿಮಣ್ಣು' ಅನ್ನೋಣವೇ?

ಇದರ ಮೇಲಿನ ಗಾಜಿನಂಥ ಹೊದಿಕೆಗೆ, ಅಂದರೆ ಗ್ಲೇಜ್‌ಗೆ, ಬರೀ 'ಮೆರುಗು' ಸಾಲದು. ಮೆರುಗು ಅಂದರೆ ಕೊನೆಗೆ ಬಳಿದು ಉಜ್ಜಿದ ಹೊಳಪು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಮರದ ಬೂದಿ ಕಲಸಿದ ನೀರನ್ನು ಹಚ್ಚಿ ಸುಡುತ್ತಾರೆ. ಆ ಬೂದಿ ಗೂಡಿನೊಳಗೆ ಕರಗಿ ಗಾಜಾಗುತ್ತದೆ. ಜೂಲಿನ ಗೆರೆಗಳಲ್ಲಿ ಇಳಿದು ನಿಂತ ಕಡೆ ಬಣ್ಣ ದಟ್ಟ ಹಸಿರು, ಮೂಗು-ಹುಬ್ಬಿನಂಥ ಉಬ್ಬಿದ ಕಡೆ ತೆಳು ಹಳದಿ. 'ಗಾಜುಮೆರುಗು' ಅಂದರೆ ಇದು ಓದುವವರ ಮನಸ್ಸಿಗೆ ಬರುತ್ತದಾ? ನಿಮ್ಮ ಕಡೆ ಭರಣಿ, ಜಾಡಿಗಳ ಈ ಹೊದಿಕೆಗೆ ಬೇರೆ ಮಾತಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ಬರೆಯಿರಿ.