ಪದಚರ್ಚೆ: ಡಿಸ್ಕೌಂಟ್ ರೇಟ್‌ಗೆ ‘ರಿಯಾಯಿತಿ ದರ’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ.

ಶಕ್ತಿ, ಹವಾಮಾನ, ಪರಿಸರಗಳ ಆರ್ಥಿಕ ಮಾಡೆಲಿಂಗ್ ಕುರಿತ ಸ್ನಾತಕೋತ್ತರ ಕೋರ್ಸೊಂದರ ಪರಿಚಯ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಶೀರ್ಷಿಕೆಯ ಮಾಡೆಲಿಂಗ್‌ಗೆ ‘ಮಾದರೀಕರಣ’ ಎಂದು ಹಾಕಿದ್ದೇನೆ, ನನಗೇ ಒಗ್ಗುತ್ತಿಲ್ಲ. ಇನ್ನೊಂದು ಡಿಸ್ಕೌಂಟ್ ರೇಟ್, ಅಂದರೆ ಮುಂದಿನ ನಷ್ಟವನ್ನು ಇಂದಿನ ಬೆಲೆಗೆ ಇಳಿಸುವ ದರ. ಕರಡಿನಲ್ಲಿರುವ ವಾಕ್ಯ: “ರಿಯಾಯಿತಿ ದರ ಏರಿದಷ್ಟೂ ಇಂಗಾಲದ ಸಾಮಾಜಿಕ ವೆಚ್ಚ ಇಳಿಯುತ್ತದೆ.” (ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಸಮಾಜಕ್ಕೆ ಆಗುವ ಒಟ್ಟು ನಷ್ಟದ ಬೆಲೆಯೇ ಈ ಸಾಮಾಜಿಕ ವೆಚ್ಚ.) ವಾಕ್ಯ ಓದಿದವರೊಬ್ಬರು ಕಲ್ಲಿದ್ದಲಿಗೆ ಕೊಡುವ ಸಬ್ಸಿಡಿಯ ಮಾತು ಎಂದುಕೊಂಡರು. ತಲಾ ಒಂದು ಪದ ಕೊಟ್ಟರೆ ಸಾಕು.

———
ಮರು: ಮಾದರೀಕರಣ

ಅರಿಸಮಾಸ. ಬಿಟ್ಟುಬಿಡಿ.

ಅರಿಸಮಾಸವೆಂದರೆ ಸಂಸ್ಕೃತಕ್ಕೆ ಸಂಸ್ಕೃತವಲ್ಲದ ಪದವನ್ನು ಬೆಸೆದ ಸಲ್ಲದ ಸಮಾಸ. ‘ಮಾದರಿ’ ಸಂಸ್ಕೃತ ಪದವಲ್ಲ. ಅದನ್ನು ಎಳೆದು ಈಕಾರ ಮಾಡಿ ‘ಕರಣ’ ಅಂಟಿಸಲು ವ್ಯಾಕರಣಕಾರ ಕೇಶಿರಾಜ ಯಾರಿಗೂ ಪರವಾನಗಿ ಕೊಟ್ಟಿಲ್ಲ. ಸಾಲದ್ದಕ್ಕೆ ಇದೇ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರವೂ ಇರುತ್ತದೆ. ಅಲ್ಲಿ ಸ್ಯಾಂಪಲ್ ಕೂಡ ಮಾದರಿಯೇ. “ಮಾದರಿಯಿಂದ ಮಾದರಿಯನ್ನು ಅಂದಾಜಿಸುವುದು” ಎಂದು ಬರೆದು ನೋಡಿ, ಗೊತ್ತಾಗುತ್ತದೆ. ‘ಪ್ರತಿಮಾನ ರಚನೆ’ ಎನ್ನಿ.

———
ಮರು: ಮರು: ಮಾದರೀಕರಣ

> ಅರಿಸಮಾಸ. ಬಿಟ್ಟುಬಿಡಿ.

ಹಾಗಾದರೆ ಅದೇ ಶೀರ್ಷಿಕೆಯ ‘ಹವಾಮಾನ’? ಹವಾ ಅರಬಿಯಿಂದ ಬಂದದ್ದು, ಮಾನ ಸಂಸ್ಕೃತ. ಅದು ಗಂಟಲಲ್ಲಿ ಇಳಿಯಿತು, ಇದು ಸಿಕ್ಕಿಕೊಂಡಿತು.

ಹವಾಮಾನವನ್ನು ತೆಗೆಯಲೇಬೇಕು, ಆದರೆ ಕಾರಣ ಬೇರೆ. ಹವಾಮಾನ ಇವತ್ತಿನದು, ನಾಳೆಯದು. ಮೂವತ್ತು ವರ್ಷಗಳ ಸರಾಸರಿ ತೆಗೆದರೆ ಅದು ವಾಯುಗುಣ. ಪತ್ರಿಕೆಗಳು ಎರಡನ್ನೂ ಕಲಸಿವೆ ಎಂದು ಸ್ನಾತಕೋತ್ತರ ಪುಸ್ತಿಕೆಯೂ ಕಲಸಬೇಕಿಲ್ಲ. ಪ್ರತಿಮಾನ ಎಂಬುದನ್ನು ವಿದ್ಯಾರ್ಥಿಗಳು ಪ್ರತಿಮೆ ಎಂದೇ ಓದುತ್ತಾರೆ. ‘ಮಾದರಿ ರಚನೆ’ ಸಾಕು. ಸ್ಯಾಂಪಲ್‌ಗೆ ‘ಪ್ರತಿಚಯ’ ಇದೆ.

———
ಮರು: ರಿಯಾಯಿತಿ ದರ

ಕೇಳಿದ್ದು ಡಿಸ್ಕೌಂಟ್ ರೇಟ್ ಕೂಡ. ಅದರ ಕಡೆ ಯಾರೂ ತಿರುಗಿ ನೋಡಿಲ್ಲ.

ರಿಯಾಯಿತಿ ಇಲ್ಲಿ ಪೂರಾ ಅನರ್ಥ. ಅದಕ್ಕೆ ಕೊಡುವವನೊಬ್ಬ, ಪಡೆಯುವವನೊಬ್ಬ ಬೇಕು. ದಾಕ್ಷಿಣ್ಯದ ಭಾವ ಅರಬಿ ಮೂಲದಲ್ಲೇ ಇದೆ. ವಾಣಿಜ್ಯ ಪಠ್ಯಗಳ ‘ಸೋಡಿ’ಯೂ ಆಗದು. ಸೋಡಚೀಟಿಯ (ವಿಚ್ಛೇದನ ಪತ್ರದ) ಸೋಡವೇ ಅದು, ಬಿಟ್ಟುಕೊಡುವುದು. ಮಾಡೆಲ್‌ನಲ್ಲಿ ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡುತ್ತಿಲ್ಲ. ಮುಂದೆಂದೋ ಆಗುವ ನಷ್ಟವನ್ನು ಇವತ್ತಿನ ಲೆಕ್ಕದಲ್ಲಿ ಎಷ್ಟೆಂದು ಹಿಡಿಯಬೇಕು ಎಂಬುದು ಪ್ರಶ್ನೆ. ಇದಕ್ಕೆ ಹೇಳಿ ಮಾಡಿಸಿದಂಥ ಪದ ‘ವಟ್ಟ’. ಮುಂದೆ ಸಲ್ಲಬೇಕಾದ ಹುಂಡಿಯನ್ನು, ಅಂದರೆ ವ್ಯಾಪಾರಿಗಳ ಹಣದ ಚೀಟಿಯನ್ನು, ಈಗಲೇ ನಗದು ಮಾಡಿಕೊಳ್ಳುವಾಗ ಮುರಿದುಕೊಳ್ಳುವ ಹಣ. ಹುಂಡಿ ‘ವಟಾಯಿಸುವುದು’ ಲೆಕ್ಕಶಾಸ್ತ್ರದವರಿಗೆ ಗೊತ್ತಿರುವ ಮಾತೇ. ಬಡ್ಡಿ ಮುಂದಕ್ಕೆ ಬೆಳೆಸುತ್ತದೆ, ವಟ್ಟ ಹಿಂದಕ್ಕೆ ಕುಗ್ಗಿಸುತ್ತದೆ.

ಪದ ಜಾರಿದರೆ ಏನಾಗುತ್ತದೆ ನೋಡಿ. ನೂರು ವರ್ಷದ ನಂತರ 100 ಡಾಲರ್ ನಷ್ಟವಾಗುತ್ತದೆ ಎನ್ನಿ. ವಟ್ಟದ ದರ ಶೇ 1.4 ಆದರೆ ಇವತ್ತಿಗೆ ಅದರ ಬೆಲೆ ಸುಮಾರು 25 ಡಾಲರ್. ಶೇ 5 ಆದರೆ ಮುಕ್ಕಾಲು ಡಾಲರ್. ವಾಯುಗುಣ ಬದಲಾವಣೆಯ ಆರ್ಥಿಕತೆ ಕುರಿತ ಬ್ರಿಟನ್ನಿನ 2006ರ ಸ್ಟರ್ನ್ ವರದಿ ಹಿಡಿದದ್ದು ಹೆಚ್ಚುಕಡಿಮೆ ಆ ಮೊದಲ ದರವನ್ನು. ಅದಕ್ಕೇ ಈಗಲೇ ಭಾರಿ ಕ್ರಮ ಬೇಕೆಂಬ ತೀರ್ಮಾನಕ್ಕೆ ಬಂತು. ವಾಯುಗುಣ ಮತ್ತು ಆರ್ಥಿಕತೆಗಳನ್ನು ಒಂದೇ ಲೆಕ್ಕಕ್ಕೆ ತರುವ ಡೈಸ್ ಮಾಡೆಲ್ ಕಟ್ಟಿದ, 2018ರಲ್ಲಿ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಇದನ್ನು ಒಪ್ಪಲಿಲ್ಲ. ಮಾರುಕಟ್ಟೆಯಲ್ಲಿ ಹೂಡಿಕೆಗೆ ನಿಜವಾಗಿ ಸಿಗುವ ಪ್ರತಿಫಲಕ್ಕೆ ದರ ಹೊಂದಬೇಕು ಎಂಬುದು ಅವರ ವಾದ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಶೇ 2ರ ಲೆಕ್ಕದಲ್ಲಿ ಟನ್ ಇಂಗಾಲದ ಡೈಆಕ್ಸೈಡ್‌ಗೆ 190 ಡಾಲರ್ ಸಾಮಾಜಿಕ ವೆಚ್ಚ ಎಂದಿತು. ಅದಕ್ಕೆ ಮುಂಚಿನ ತಾತ್ಕಾಲಿಕ ಅಂಕಿ ಶೇ 3ಕ್ಕೆ 51 ಡಾಲರ್ ಇತ್ತು. ಅಷ್ಟೂ ಏರಿಕೆಗೆ ದರವೊಂದೇ ಕಾರಣವಲ್ಲ, ಹಾನಿಯ ಅಂದಾಜುಗಳೂ ಬದಲಾದವು. ಆದರೂ ದರದ ಪಾಲು ದೊಡ್ಡದು.

ಇನ್ನೊಂದು ಎಚ್ಚರಿಕೆ. 1928ರ, ಗಣಿತಜ್ಞ ಫ್ರಾಂಕ್ ರ‍್ಯಾಮ್ಸೆ ಸೂತ್ರದಲ್ಲಿ ಈ ದರ ಎರಡು ತುಂಡು. ಬರೀ ಮುಂದಿನದು ಎಂಬ ಕಾರಣಕ್ಕೇ ಕಡಿಮೆ ತೂಗುವುದು ಒಂದು. ಮುಂದಿನವರು ನಮಗಿಂತ ಉಳ್ಳವರಾಗಿರುತ್ತಾರೆ, ಅವರಿಗೆ ಒಂದು ಡಾಲರಿನ ಬೆಲೆ ಅಷ್ಟಿರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೈತಿಕ ಸಮರ್ಥನೆಯೇ ಇಲ್ಲ ಎಂದವರು ರ‍್ಯಾಮ್ಸೆಯೇ. ಪುಸ್ತಿಕೆಯಲ್ಲಿ ಇವು ಬೇರೆಬೇರೆ ಬಂದರೆ ಮೊದಲನೆಯದಕ್ಕೆ ‘ಆತುರದ ದರ’ ಎನ್ನಿ, ಒಟ್ಟು ದರಕ್ಕಷ್ಟೇ ವಟ್ಟ.

———
ಮರು: ವಟ್ಟ

ವಟ್ಟವೂ ಕನ್ನಡದ್ದಲ್ಲ, ಮರಾಟಿಯ ವಟಾವ್. ಒಂದು ಎರವಲನ್ನು ತೆಗೆದು ಇನ್ನೊಂದು ಎರವಲು ಇಡುವುದಕ್ಕೆ ಇಶ್ಟು ಉದ್ದದ ಓಲೆ ಬೇಕಿತ್ತೇ? ‘ತಗ್ಗೆಣಿಕೆ’ ಎನ್ನಿ, ಓದಿದ ಕೂಡಲೇ ತಿಳಿಯುತ್ತದೆ. ತಲೆಬರಹ ಹೀಗಿರಲಿ: “ಕಸುವು, ಗಾಳಿಪಾಡು ಮತ್ತು ಸುತ್ತಣದ ಹಣಕಾಸಿನ ಮಾದರಿಕಟ್ಟಣೆ”.

———
ಮರು: ಮರು: ವಟ್ಟ

> ಮರಾಟಿಯ ವಟಾವ್

ತಮಿಳಿನಲ್ಲಿ ವಟ್ಟಂ ಇದೆ. ಅಲ್ಲಿಗೂ ಮರಾಠಿಯಿಂದಲೇ ಹೋಯಿತೋ? ‘ಬಡ್ಡಿ’ಯನ್ನು ಕನ್ನಡವೆಂದು ಒಪ್ಪುತ್ತೀರಿ ತಾನೇ? ಅದು ವೃದ್ಧಿಯ ತದ್ಭವ. ನಾಲಿಗೆಯ ಮೇಲೆ ಸವೆದದ್ದು ನಮ್ಮದು. ನಿನ್ನೆ ಟಂಕಿಸಿದ್ದು ಅಚ್ಚಗನ್ನಡವೇ ಆದರೂ ಇನ್ನೂ ಯಾರದೂ ಅಲ್ಲ. ತಗ್ಗೆಣಿಕೆ ಎಂದರೆ ನನಗೆ ಕಾಣುವುದು ಅಂಡರ್‌ಎಸ್ಟಿಮೇಟ್, ಅಂದರೆ ಲೆಕ್ಕ ತಪ್ಪಿ ಕಡಿಮೆ ಎಣಿಸುವುದು. ವಟ್ಟದಲ್ಲಿ ತಪ್ಪೇನೂ ನಡೆದಿಲ್ಲ, ಬೇಕೆಂದೇ ಕುಗ್ಗಿಸಿದ್ದು.

———
ಮರು: ಮರು: ಮರು: ವಟ್ಟ

ಸವೆದದ್ದು ಎಂದರೆ ಯಾರ ನಾಲಿಗೆಯಲ್ಲಿ? ಲೆಕ್ಕ ಬರೆಯುವವರ ನಾಲಿಗೆಯಲ್ಲಿ. ಈ ಕೋರ್ಸಿಗೆ ಬರುವ ಹುಡುಗರು ಹುಂಡಿ ಕಂಡಿಲ್ಲ, ವಟ್ಟ ಕೇಳಿಲ್ಲ. ಅವರಿಗೆ ಎರಡೂ ಹೊಸವೇ. ಹೊಸದೇ ಕಲಿಸುವುದಾದರೆ ಬಿಡಿಸಿ ನೋಡಿದರೆ ತಿಳಿಯುವ ಪದ ಕಲಿಸೋಣ.

———
ಮರು: ಮರು: ಮರು: ಮರು: ವಟ್ಟ

ಈ ಮಾತಿನಲ್ಲಿ ಹುರುಳಿದೆ, ಪದದಲ್ಲಿ ಇಲ್ಲ. ‘ಡಿಸ್ಕೌಂಟ್ ದರ’ ಎಂದೇ ಬಿಡಿ ಎನ್ನುವವರು ಇನ್ನೂ ಬಂದಿಲ್ಲವಲ್ಲ ಎಂದು ನೋಡುತ್ತಿದ್ದೆ. ಅವರು ಬರುವ ಮೊದಲೇ ಹೇಳುತ್ತೇನೆ: ಡಿಸ್ಕೌಂಟ್ ಎಂದರೆ ಓದುಗನಿಗೆ ಅಂಗಡಿಯ ಫಲಕವೇ ನೆನಪಾಗುವುದು. ರಿಯಾಯಿತಿಯಲ್ಲಿ ಆದ ಪಾಡೇ ಅಲ್ಲೂ ಆಗುತ್ತದೆ.

———
ಮರು: ಡಿಸ್ಕೌಂಟ್ ರೇಟ್‌ಗೆ ‘ರಿಯಾಯಿತಿ ದರ’ ಸರಿಯೇ? (ತುರ್ತು)

ಧನ್ಯವಾದ. ಶೀರ್ಷಿಕೆ “ಶಕ್ತಿ, ವಾಯುಗುಣ ಮತ್ತು ಪರಿಸರ: ಆರ್ಥಿಕ ಮಾದರಿ ರಚನೆ” ಎಂದಾಯಿತು. ವಾಕ್ಯ ಹೀಗಿದೆ: “ಮುಂದಿನ ನಷ್ಟವನ್ನು ಇಂದಿನ ಬೆಲೆಗೆ ಕುಗ್ಗಿಸಿ ಹೇಳುವ ವಟ್ಟದ ದರ ಏರಿದಷ್ಟೂ ಇಂಗಾಲದ ಸಾಮಾಜಿಕ ವೆಚ್ಚ ಇಳಿಯುತ್ತದೆ.” ಬಿಡಿಸಿ ತಿಳಿಯಬೇಕು ಎಂದವರ ಪಾಲು ಮೊದಲರ್ಧದಲ್ಲಿದೆ.

ಅರ್ಥಶಾಸ್ತ್ರಜ್ಞ ಪಿಗು 1920ರಲ್ಲಿ ವಿವರಿಸಿದ, ಒಬ್ಬರ ಕೆಲಸದ ಲಾಭನಷ್ಟ ಸಂಬಂಧವಿಲ್ಲದ ಇನ್ನೊಬ್ಬರ ಮೇಲೆ ಬೀಳುವ ಎಕ್ಸ್‌ಟರ್ನಾಲಿಟಿಗೆ ‘ಬಾಹ್ಯ ಪರಿಣಾಮ’ ಎಂದಿದೆ. ಅದರ ಬಗ್ಗೆ ಹೇಳುವುದಿದ್ದರೆ ದಯವಿಟ್ಟು ನಾಳೆ ಸಂಜೆಯ ನಂತರ ಬರೆಯಿರಿ.