ಟೈಲ್ಸ್ ಸಾಗಣೆಗೆ ಆರು ಹಳೆಯ ಪಿಕಪ್‌ಗಳು: ಕೊಳ್ಳುವ ಮುನ್ನ ಅನುಭವಸ್ಥರು ಹೇಳಿದ್ದು

ಕೇಳಿದವರು: ಬೆಂಗಳೂರಿನ ಮಾಗಡಿ ರಸ್ತೆಯ ಸಗಟು ವ್ಯಾಪಾರಿ

ನಮ್ಮದು ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ಗೋದಾಮು. ಇದುವರೆಗೆ ಬಾಡಿಗೆ ಗಾಡಿಗಳಲ್ಲೇ ಮಾಲು ಕಳುಹಿಸುತ್ತಿದ್ದೆವು. ಈಗ ಒಂದೂವರೆ ಟನ್ ಹೊರುವ ಆರು ಪಿಕಪ್‌ಗಳನ್ನು ಸ್ವಂತಕ್ಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವ ಶಕ್ತಿ ಇಲ್ಲದ ಕಾರಣ 2018ರಿಂದ 2021ರ ನಡುವಿನ ಗಾಡಿಗಳನ್ನು ನೋಡುತ್ತಿದ್ದೇವೆ. ಯಾವ ಮಾದರಿಯನ್ನು ನಂಬಬಹುದು, ಏನನ್ನು ಪರೀಕ್ಷಿಸಬೇಕು, ಒಟ್ಟಿಗೆ ಕೊಳ್ಳುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಪೀಣ್ಯದ ಕಾರ್ಖಾನೆ ಮಾಲೀಕರ ಉತ್ತರ

ನಮ್ಮದು ಎರಕದ ಬಿಡಿಭಾಗಗಳ ಕಾರ್ಖಾನೆ. ಬೊಮ್ಮಸಂದ್ರ, ದಾಬಸ್‌ಪೇಟೆ, ಹೊಸೂರುಗಳಿಗೆ ದಿನವೂ ಹೋಗುವ ಮಾಲಿನಲ್ಲಿ ಬಹುಪಾಲನ್ನು ಹೊರುತ್ತಿರುವುದು ನಾವು ಹಳೆಯದಾಗಿಯೇ ಕೊಂಡ ಪಿಕಪ್‌ಗಳು. ಯಾವ ಕಂಪನಿಯ ಗಾಡಿ ಎಂದು ಕೇಳುವ ಮೊದಲು ಆ ಗಾಡಿ ಈವರೆಗೆ ಏನನ್ನು ಹೊತ್ತಿದೆ, ಯಾರ ಕೈಯಲ್ಲಿ ಓಡಿದೆ ಎಂದು ಕೇಳಿ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ಒಂದು ಹಾಲಿನ ಕ್ರೇಟುಗಳನ್ನು ಹೊತ್ತು ಹೆದ್ದಾರಿಯಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿರಬಹುದು. ಇನ್ನೊಂದು ಎಂ-ಸ್ಯಾಂಡ್, ಕಬ್ಬಿಣ ಹೊತ್ತು ಹೊಸ ಬಡಾವಣೆಗಳ ಮಣ್ಣುದಾರಿಯಲ್ಲಿ ಎಂಬತ್ತು ಸಾವಿರವಷ್ಟೇ ಓಡಿರಬಹುದು. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಮೀಟರಿನ ಅಂಕಿಯನ್ನು ತಿದ್ದುವುದು ಈ ವ್ಯಾಪಾರದಲ್ಲಿ ಅಪರೂಪವಲ್ಲವಾದ್ದರಿಂದ, ಚಾಸಿಸ್ ಸಂಖ್ಯೆ ಪಡೆದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಳೆಯ ದಾಖಲೆಗಳನ್ನು ವಿಚಾರಿಸುವುದು ಒಳ್ಳೆಯದು. ಮೀಟರು ಅರವತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ನಾನು ಪೆಡಲನ್ನೇ ನಂಬುತ್ತೇನೆ.

ಹಿಂದಿನ ಕೆಲಸಕ್ಕೆ ತಕ್ಕಂತೆ ಗಾಡಿಯ ದೋಷಗಳೂ ಬೇರೆಯಾಗುತ್ತವೆ. ನಗರದೊಳಗೆ ಪಾರ್ಸೆಲ್ ಹಂಚಿದ ಗಾಡಿಯಲ್ಲಿ ಕ್ಲಚ್, ಸ್ಟಾರ್ಟರ್, ಬಾಗಿಲಿನ ಕೀಲುಗಳು ಸವೆದಿರುತ್ತವೆ. ಆದರೆ ಹಗುರ ಮಾಲು ಹೊತ್ತಿರುವುದರಿಂದ ಚಾಸಿಸ್ ಮತ್ತು ಹಿಂದಿನ ಆಕ್ಸಲ್ ಚೆನ್ನಾಗಿರುತ್ತವೆ, ಹಾಗಾಗಿ ಸ್ವಲ್ಪ ಖರ್ಚು ಮಾಡಿದರೆ ನಿಮ್ಮಂಥವರಿಗೆ ಅದು ಒಳ್ಳೆಯ ಗಾಡಿಯೇ. ಮೀನು ಸಾಗಿಸಿದ ಗಾಡಿಗಳ ಹತ್ತಿರ ಮಾತ್ರ ಹೋಗಬೇಡಿ. ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ತಳದಿಂದ ಸೋರಿ ಚಾಸಿಸ್‌ನ ಒಳಮೈಯನ್ನು ತಿಂದಿರುತ್ತದೆ, ಮೇಲಿನಿಂದ ಬಳಿದ ಬಣ್ಣಕ್ಕೆ ಅದು ಕಾಣುವುದಿಲ್ಲ. ಮಂಗಳೂರಿನ ಕೆಎ-19, ಉಡುಪಿಯ ಕೆಎ-20, ಕಾರವಾರದ ಕೆಎ-30 ನೋಂದಣಿಯ ಗಾಡಿಗಳು ಬೆಂಗಳೂರಿನ ಯಾರ್ಡುಗಳಿಗೂ ಬರುತ್ತವೆ. ಅವೆಲ್ಲವೂ ಕೆಟ್ಟವು ಎಂದು ನಾನು ಹೇಳುವುದಿಲ್ಲ, ಅವುಗಳ ಅಡಿಯನ್ನು ಎರಡು ಪಟ್ಟು ಗಮನವಿಟ್ಟು ನೋಡಿ ಎಂದಷ್ಟೇ ಹೇಳುತ್ತೇನೆ.

ನಿಮ್ಮ ಮಾಲಿನ ವಿಚಾರದಲ್ಲಿ ನನಗೆ ನಿಜವಾದ ಆತಂಕವಿದೆ. ಎರಡಡಿ ಚದರದ ವಿಟ್ರಿಫೈಡ್ ಟೈಲ್ಸ್‌ನ ನಾಲ್ಕರ ಪೆಟ್ಟಿಗೆ ಸುಮಾರು 28 ಕೆಜಿ ತೂಗುತ್ತದೆ ಎಂದುಕೊಳ್ಳೋಣ. ಒಂದೂವರೆ ಟನ್ ಮಿತಿಯ ಗಾಡಿಗೆ 53 ಪೆಟ್ಟಿಗೆಗಳಾದರೆ ಸಾಕು, ಬಾಡಿಯ ಅರ್ಧವೂ ತುಂಬಿದಂತೆ ಕಾಣುವುದಿಲ್ಲ. ಸಾವಿರ ಚದರಡಿ ನೆಲಕ್ಕೆ 65 ಪೆಟ್ಟಿಗೆಗಳು ಬೇಕು, ಅಂದರೆ 1,800 ಕೆಜಿ ದಾಟಿತು. ಮನೆ ಕಟ್ಟಿಸುವವರು ಒಂದೇ ಸಲಕ್ಕೆ ಕಳುಹಿಸಿ ಎನ್ನುತ್ತಾರೆ, ಚಾಲಕರಿಗೂ ಎರಡನೇ ಟ್ರಿಪ್ಪು ಬೇಡವಾಗಿರುತ್ತದೆ, ಖಾಲಿ ಜಾಗ ಕಣ್ಣೆದುರಿಗೇ ಇರುತ್ತದೆ. ಹಳೆಯ ಪಿಕಪ್‌ಗಳು ಕೆಡುವುದು ಹೆಚ್ಚಾಗಿ ಇಲ್ಲಿಂದಲೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಆದ್ದರಿಂದ ನಿಮ್ಮ ಸಾಮಾನ್ಯ ಆರ್ಡರಿನ ತೂಕವನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಗಾಡಿಯ ಸಾಮರ್ಥ್ಯವನ್ನು ನಿರ್ಧರಿಸಿ. ನನ್ನ ಅಭಿಪ್ರಾಯದಲ್ಲಿ ನಿಮಗೆ ಬೇಕಾಗಿರುವುದು 1.7 ಟನ್ನಿನ ಗಾಡಿ, ಸಾವಿರ ಚದರಡಿಯ ಆರ್ಡರುಗಳೇ ಹೆಚ್ಚಾಗಿದ್ದರೆ ಅದಕ್ಕಿಂತಲೂ ಮೇಲಿನದು.

ಮಾದರಿಗಳ ಬಗ್ಗೆ ಹೇಳುವುದಾದರೆ, ಮಹೀಂದ್ರ ಬೊಲೆರೊ ಪಿಕಪ್‌ನ 2,523 ಸಿಸಿ ಎಂಜಿನ್ನನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ರಾಜ್ಯದ ಯಾವ ಊರಿನಲ್ಲಾದರೂ ಸಿಗುತ್ತಾರೆ, ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿಯಲ್ಲೂ ಸಿಗುತ್ತವೆ. ಈ ಕಾರಣಕ್ಕೇ ಹಳೆಯ ಬೊಲೆರೊ ಬೆಲೆ ಬೇಗ ಇಳಿಯುವುದಿಲ್ಲ. ಟಾಟಾ ಯೋಧದ 2.2 ಲೀಟರ್ ಎಂಜಿನ್ನಿಗೆ ಎಳೆಯುವ ಶಕ್ತಿ ಚೆನ್ನಾಗಿದೆ, ಅದೇ ವಯಸ್ಸಿನ ಗಾಡಿ ನಮಗೆ ಬೊಲೆರೊಗಿಂತ ಕಡಿಮೆ ಬೆಲೆಗೆ ಸಿಕ್ಕಿದೆ. ಅಶೋಕ್ ಲೇಲ್ಯಾಂಡ್ ದೋಸ್ತ್‌ನ ಮೂರು ಸಿಲಿಂಡರಿನ 1,478 ಸಿಸಿ ಎಂಜಿನ್ ಡೀಸೆಲ್ ಕಡಿಮೆ ಕುಡಿಯುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ತಿರುಗಿಸಲು ಸುಲಭ. ಆದರೆ ದಿನವೂ ತುಂಬು ಟೈಲ್ಸ್ ಹೊರುವುದಕ್ಕೆ ಅದನ್ನು ನಾನು ಆರಿಸಲಾರೆ. ಈ ಮೂರರಲ್ಲಿ ಯಾವುದನ್ನು ಕೊಂಡರೂ ಆರನ್ನೂ ಒಂದೇ ಮಾದರಿಯಲ್ಲಿ, ಸಾಧ್ಯವಾದರೆ ಒಂದೇ ಎಂಜಿನ್ ತಲೆಮಾರಿನಲ್ಲಿ ಕೊಳ್ಳಿ. ಆಗ ಒಂದು ಕ್ಲಚ್ ಸೆಟ್, ನಾಲ್ಕಾರು ಫಿಲ್ಟರುಗಳು, ಒಂದು ಸ್ಟಾರ್ಟರ್ ಗೋದಾಮಿನಲ್ಲಿದ್ದರೆ ಆರೂ ಗಾಡಿಗಳಿಗೆ ಆಗುತ್ತದೆ. ಒಬ್ಬ ಚಾಲಕ ರಜೆ ಹಾಕಿದ ದಿನ ಇನ್ನೊಬ್ಬರು ಗಾಡಿ ತೆಗೆದುಕೊಂಡು ಹೋಗಬಹುದು, ನಿಮ್ಮ ಮೆಕ್ಯಾನಿಕ್‌ಗೂ ಆ ಗಾಡಿಯ ಸ್ವಭಾವ ಕರಗತವಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಮೂರು ಕಂಪನಿಗಳ ಗಾಡಿಗಳನ್ನು ಕಲೆಹಾಕಿದರೆ ಕೊಳ್ಳುವಾಗ ಉಳಿದ ಹಣ ಮೊದಲ ವರ್ಷದಲ್ಲೇ ಗ್ಯಾರೇಜಿಗೆ ಹೋಗುತ್ತದೆ.

ಆರನ್ನೂ ಒಂದೇ ತಿಂಗಳಲ್ಲಿ ಕೊಳ್ಳಬೇಡಿ. ಎರಡನ್ನು ಕೊಂಡು ಒಂದು ಮಳೆಗಾಲ ಓಡಿಸಿ ನೋಡಿ, ಅವುಗಳ ಖರ್ಚಿನ ಪುಸ್ತಕವೇ ಮುಂದಿನ ನಾಲ್ಕರ ಬೆಲೆಯನ್ನು ಹೇಳುತ್ತದೆ. ಆರರಲ್ಲಿ ಯಾವುದಾದರೂ ಒಂದು ಗ್ಯಾರೇಜಿನಲ್ಲಿ ಇದ್ದೇ ಇರುತ್ತದೆ ಎಂದು ಭಾವಿಸಿ, ಐದರ ದುಡಿಮೆಗೆ ಲೆಕ್ಕ ಹಾಕುವುದು ಜಾಣತನ. ನಮಗೆ ಒಳ್ಳೆಯ ಗಾಡಿಗಳು ಸಿಕ್ಕಿರುವುದು ತಮ್ಮ ಹಳೆಯ ಗಾಡಿಗಳನ್ನು ಒಟ್ಟಿಗೆ ಮಾರುವ ಸಾಗಣೆ ಸಂಸ್ಥೆಗಳಿಂದ. ಅವರ ಬಳಿ ಸರ್ವಿಸ್ ಪುಸ್ತಕ ಇರುತ್ತದೆ, ನಾಲ್ಕೈದು ಗಾಡಿಗಳು ಒಂದೇ ರೀತಿಯವು ಇರುತ್ತವೆ. ಸಾಲ ಕಟ್ಟದೆ ಜಪ್ತಿಯಾಗಿ ಯಾರ್ಡಿನಲ್ಲಿ ಹರಾಜಿಗೆ ನಿಂತ ಗಾಡಿಗಳು ಅಗ್ಗವೆಂಬುದು ನಿಜ. ಆದರೆ ಅವನ್ನು ಇದ್ದದ್ದು ಇದ್ದಂತೆ ಮಾರುತ್ತಾರೆ, ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಂತು ಕಟ್ಟಲಾಗದ ಮಾಲೀಕ ಎಂಜಿನ್ ಆಯಿಲ್‌ಗೂ ಹಣ ಹೊಂದಿಸಲಾಗದೆ ಕಷ್ಟಪಟ್ಟಿರುತ್ತಾನೆ ಎಂಬುದು ನೆನಪಿರಲಿ.

ಯಶವಂತಪುರದ ಗ್ಯಾರೇಜ್ ಮಾಲೀಕರ ಉತ್ತರ

ಮೇಲಿನವರು ಹೇಳಿದ್ದಕ್ಕೆ ಪರೀಕ್ಷೆಯ ಭಾಗವನ್ನಷ್ಟೇ ಸೇರಿಸುತ್ತೇನೆ. ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ಚಾಲೂ ಮಾಡಿರಬಾರದೆಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಕಾರಣವನ್ನು ಕೇಳಿ, ಇನ್ನೊಂದು ದಿನ ಬರುತ್ತೇವೆಂದು ತಿಳಿಸಿ. ತಣ್ಣಗಿರುವ ಎಂಜಿನ್ ಒಂದೇ ಸಲದ ಸೆಲ್ಫ್ ಸ್ಟಾರ್ಟಿಗೆ ಹಿಡಿಯಬೇಕು, ಹೊಗೆ ಅರ್ಧ ನಿಮಿಷದಲ್ಲಿ ತಿಳಿಯಾಗಬೇಕು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆಗೆ ನೋಡಬೇಕು. ಬಳಿಕ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಹಾಗೆಯೇ ಮೇಲಿಡಿ. ಸಣ್ಣಗೆ ಆವಿ ಬಂದರೆ ಸಹಜ. ಮುಚ್ಚಳವೇ ಕುಣಿಯುವಷ್ಟು ರಭಸದಲ್ಲಿ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ, ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಅಥವಾ ಆ ಗಾಡಿಯನ್ನು ಬಿಡಿ.

ಎಂಜಿನ್ನನ್ನು ರಿಪೇರಿ ಮಾಡಬಹುದು, ಬಾಗಿದ ಚಾಸಿಸ್ಸನ್ನು ಮೊದಲಿನಂತೆ ಮಾಡಲಾಗದು. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ, ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗದಲ್ಲಿ ಎರಡೂ ಕಡೆಯ ಚಾಸಿಸ್ ಉದ್ದಕ್ಕೂ ಬೆರಳು ಆಡಿಸಿ. ಹೆಚ್ಚು ಭಾರ ಹೊತ್ತ ಗಾಡಿ ಬಿರುಕು ಬಿಡುವುದು ಹೆಚ್ಚಾಗಿ ಅಲ್ಲಿ ಮತ್ತು ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಬ್ರಾಕೆಟ್ ಸುತ್ತ. ಉಳಿದ ಭಾಗವೆಲ್ಲ ಧೂಳು ಹಿಡಿದು ಕಂದಾಗಿದ್ದು ಅಷ್ಟು ಜಾಗ ಮಾತ್ರ ಹೊಸ ಕರಿಬಣ್ಣದಲ್ಲಿ ಹೊಳೆಯುತ್ತಿದ್ದರೆ, ಬಣ್ಣದ ಕೆಳಗೆ ವೆಲ್ಡಿಂಗಿನ ಉಬ್ಬು ಬೆರಳಿಗೆ ಸಿಕ್ಕರೆ, ಮಾರುವವರು ಎಷ್ಟೇ ಒಳ್ಳೆಯ ಮಾತಾಡಿದರೂ ಅಲ್ಲಿಗೆ ನಿಲ್ಲಿಸಿ. ಹಿಂದಿನ ಪಟ್ಟಿಗಳಿಗೆ ಹೆಚ್ಚುವರಿ ಪ್ಲೇಟು ಸೇರಿಸಿದ್ದರೆ ಅದೂ ಮಾತಾಡುವ ಸಾಕ್ಷಿಯೇ: ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಹೊರಿಸುವ ಉದ್ದೇಶವಿಲ್ಲದೆ ಯಾರೂ ಪ್ಲೇಟು ಹಾಕಿಸುವುದಿಲ್ಲ.

ಓಡಿಸಿ ನೋಡುವಾಗ ಖಾಲಿ ಗಾಡಿಯಿಂದ ಏನೂ ತಿಳಿಯದು. ನಿಮ್ಮದೇ ಗೋದಾಮಿನಿಂದ ಒಂದು ಟನ್ ಟೈಲ್ಸ್ ಹೇರಿ, ಯಾವುದಾದರೂ ಮೇಲ್ಸೇತುವೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತಿಸಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಊಳಿಡುವ ಸದ್ದು ಬಂದರೆ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ ಸವೆದಿವೆ. ಮರಳಿ ಬಂದ ಮೇಲೆ ನಾಲ್ಕೂ ಚಕ್ರಗಳ ಬ್ರೇಕಿನ ಬಿಸಿಯನ್ನು ಹೋಲಿಸಿ. ಟೈರುಗಳ ಮೇಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2321 ಎಂದಿದ್ದರೆ 2021ರ 23ನೇ ವಾರ.

ಸಾಗಣೆ ಸಂಸ್ಥೆಯೊಂದರ ಲೆಕ್ಕ ನೋಡಿಕೊಳ್ಳುವವರ ಉತ್ತರ

ಗಾಡಿ ಎಷ್ಟೇ ಚೆನ್ನಾಗಿದ್ದರೂ ಕಾಗದ ಸರಿಯಿಲ್ಲದಿದ್ದರೆ ಅದು ನಿಂತೇ ಇರುತ್ತದೆ. ವಾಹನ್ ಪೋರ್ಟಲಿನಲ್ಲಿ ನೋಂದಣಿ ಸಂಖ್ಯೆ ಹಾಕಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆ, ತೆರಿಗೆ ಯಾವ ದಿನದವರೆಗೆ ಇವೆ, ಸಾಲ ಕೊಟ್ಟವರ ಹೆಸರು ಇನ್ನೂ ಇದೆಯೇ ಎಂದು ನೋಡಿ. ಬಾಕಿ ಇ-ಚಲನ್‌ಗಳನ್ನು ಬೇರೆಯಾಗಿ ಪರಿಶೀಲಿಸಿ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು, ಹಣಕಾಸು ಸಂಸ್ಥೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದನ್ನು ತೆಗೆಸುವ ನಮೂನೆ 35 ಕೈಗೆ ಬರಬೇಕು. ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು 30 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ, ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಕೊಡಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮಾ ಪರಿಹಾರ ಕೇಳದಿದ್ದವರಿಗೆ ಕೊಡುವ ರಿಯಾಯಿತಿ) ನಿಮಗೆ ಸಿಗುವುದಿಲ್ಲ.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆ ಬಳಿಕ ಪ್ರತಿ ವರ್ಷ. 2018ರ ಗಾಡಿ 2026ರಲ್ಲಿ ಆ ಗೆರೆಯನ್ನು ದಾಟುತ್ತದೆ, ಅಂದರೆ ವರ್ಷಕ್ಕೊಮ್ಮೆ ಬಣ್ಣ, ದೀಪ, ಬ್ರೇಕುಗಳ ಕೆಲಸ ಮಾಡಿಸಿ ಕೆಲವು ದಿನ ಗಾಡಿಯನ್ನು ಬಿಡಬೇಕಾಗುತ್ತದೆ. ಭಾರ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಒಂದೇ ಹೆಸರಿನ ಪಿಕಪ್‌ನಲ್ಲಿ ಎರಡೂ ಬಗೆಗಳು ಇರುವುದರಿಂದ ಆರ್‌ಸಿಯಲ್ಲಿರುವ ತೂಕವನ್ನೇ ಓದಿ. ಚಾಲಕರ ವಿಷಯದಲ್ಲಿ ಒಂದು ಅನುಕೂಲವಿದೆ: 7,500 ಕೆಜಿವರೆಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಆರೂ ಹಳೆಯವೇ ಆಗಬೇಕೇ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಯೋಚಿಸಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಜಿಎಸ್‌ಟಿ ನೋಂದಣಿ ಇರುವ ನಿಮ್ಮಂಥ ವ್ಯಾಪಾರಿಗಳು ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತೆ, ಪಡೆಯಬಹುದು, ಪಡೆದ ಮೊತ್ತದ ಮೇಲೆ ಸವಕಳಿ ತೋರಿಸುವಂತಿಲ್ಲ ಅಷ್ಟೆ. ಹಳೆಯ ಗಾಡಿಗೆ ಬಡ್ಡಿ ಹೆಚ್ಚು, ಕಂತಿನ ಅವಧಿ ಕಡಿಮೆ. ಮೂರು ವರ್ಷದೊಳಗಿನ ಹಳೆಯ ಗಾಡಿಗೆ ಕೇಳುತ್ತಿರುವ ಬೆಲೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟರೆ ಹಲವು ಸಲ ಹೊಸದೇ ಮೇಲಾಗುತ್ತದೆ, ಆರು ವರ್ಷ ದಾಟಿದ ಗಾಡಿಯಲ್ಲಿ ಹಳೆಯದೇ ಗೆಲ್ಲುತ್ತದೆ. ಎರಡು ಹೊಸದು, ಅದೇ ಮಾದರಿಯ ನಾಲ್ಕು ಹಳೆಯದು ಎಂಬ ಹೊಂದಾಣಿಕೆ ನನಗೆ ಸರಿಯೆನಿಸುತ್ತದೆ.

ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. 2020ರ ಏಪ್ರಿಲ್‌ಗೆ ಮುಂಚಿನ ಹೊಗೆ ಮಾನದಂಡವಾದ ಬಿಎಸ್-4ರ ಗಾಡಿ ಮೇಲೋ, ಆಮೇಲಿನ ಬಿಎಸ್-6 ಮೇಲೋ? ನಮ್ಮ ಟ್ರಿಪ್ಪುಗಳು ಹೆಚ್ಚಾಗಿ ವಿಜಯನಗರ, ಕೆಂಗೇರಿ, ನಾಗರಬಾವಿಯೊಳಗೇ ಮುಗಿಯುತ್ತವೆ.

ಗ್ಯಾರೇಜ್ ಮಾಲೀಕರು

ಅಷ್ಟು ಚಿಕ್ಕ ಓಡಾಟಕ್ಕೆ ನಾನು ಒಳ್ಳೆಯ ಬಿಎಸ್-4 ಗಾಡಿಯನ್ನೇ ಹುಡುಕುತ್ತೇನೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಆ ಮಸಿ ತಾನಾಗಿ ಸುಟ್ಟುಹೋಗಲು ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ಸಮವೇಗದಲ್ಲಿ ಓಡಬೇಕು. ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಗಾಡಿಗೆ ಆ ಅವಕಾಶ ಸಿಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ನಿನ ಶಕ್ತಿ ಇಳಿಯುತ್ತದೆ. ಬಿಎಸ್-6 ಕೊಳ್ಳುವುದೇ ಆದರೆ ಸ್ಕ್ಯಾನರ್ ಹಾಕಿಸಿ ಫಿಲ್ಟರಿನ ಸ್ಥಿತಿಯನ್ನೂ ದೋಷಸಂಕೇತಗಳನ್ನು ಇತ್ತೀಚೆಗೆ ಅಳಿಸಿದ್ದಾರೆಯೇ ಎಂಬುದನ್ನೂ ನೋಡಿಸಿ, ಮತ್ತು ನೆಲಮಂಗಲ, ಬಿಡದಿ ಕಡೆಯ ದೂರದ ಆರ್ಡರುಗಳನ್ನು ವಾರಕ್ಕೊಮ್ಮೆಯಾದರೂ ಆ ಗಾಡಿಗಳಿಗೇ ಕೊಡಿ.