ಹಳದಿ ಎಷ್ಟು ಹಚ್ಚಿದರೂ ದೀಪ ಬೆಳಗುತ್ತಿಲ್ಲ: ಜಲವರ್ಣದ ವ್ಯಾಲ್ಯೂ ಕುರಿತು

ಕುಂಚಾಸಕ್ತೆ (ಪ್ರಶ್ನೆ):

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ, ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಇಲ್ಲಿನ ಬಹುತೇಕರು ನೋಡಿರುತ್ತೀರಿ. ಅದರ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು ಜಲವರ್ಣದಲ್ಲಿ ಒಂದು ಅಭ್ಯಾಸಚಿತ್ರ ಮಾಡುತ್ತಿದ್ದೇನೆ. ಮುಖ, ಕೈ, ಸೀರೆಯ ನೆರಿಗೆ ಎಲ್ಲದರ ಬಣ್ಣವನ್ನೂ ಪ್ರತಿಯೊಂದಿಗೆ ತಾಳೆ ನೋಡಿ ಹೊಂದಿಸಿದ್ದರೂ, ಬೆಳಕು ದೀಪದಿಂದ ಹೊಮ್ಮುತ್ತಿದೆ ಎನ್ನಿಸುವುದಿಲ್ಲ. ಬೆರಳುಗಳಿಗೆ ಕಿತ್ತಳೆ ಬಳಿದಂತೆ ಕಾಣುತ್ತದೆ. ಹಳದಿಯ ಪದರಗಳನ್ನು ಹೆಚ್ಚಿಸಿದಷ್ಟೂ ಅದು ಇನ್ನಷ್ಟು ಮಂಕಾಗುತ್ತಿದೆ. ವ್ಯಾಲ್ಯೂ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬ ಮಟ್ಟ) ಪರೀಕ್ಷಿಸಲೆಂದು ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿದರೆ, ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸೊನ್ನೆಗಿಳಿಸುವ ಆ್ಯಪ್‌ನಲ್ಲಿ ಹಳದಿಯು ನಡುಬೂದಾಗಿಯೂ, ಇನ್ನೊಂದರ ಮೋನೊ ಫಿಲ್ಟರಿನಲ್ಲಿ ಹೆಚ್ಚುಕಡಿಮೆ ಬಿಳಿಯಾಗಿಯೂ ಕಾಣುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು, ಮತ್ತು ಚಿತ್ರದಲ್ಲಿ ಏನನ್ನು ಬದಲಿಸಬೇಕು?

ಪಿಕ್ಸೆಲ್‌ಪಂಡಿತ:

ಮೊದಲು ಆ್ಯಪ್ ವಿಷಯ. ಮೋನೊ ಫಿಲ್ಟರನ್ನು ನಂಬಿ. ಸ್ಯಾಚುರೇಶನ್ ಇಳಿಸುವ ಸರಳ ವಿಧಾನಗಳಲ್ಲಿ ಕೆಂಪು, ಹಸಿರು, ನೀಲಿ ಈ ಮೂರರ ಪೈಕಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳ ಸರಾಸರಿಯನ್ನಷ್ಟೇ ತೆಗೆಯಲಾಗುತ್ತದೆ. ಆ ಲೆಕ್ಕದಲ್ಲಿ ಶುದ್ಧ ಹಳದಿಗೂ ಶುದ್ಧ ನೀಲಿಗೂ ಒಂದೇ ಬೂದು ಬರುತ್ತದೆ. ಕಣ್ಣಿನ ಲೆಕ್ಕ ಹಾಗಿಲ್ಲ. ಹೊಳಪಿನ ಅನುಭವಕ್ಕೆ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಯದು ಕೇವಲ ಶೇ. 7 ಎಂದು ಪರದೆಗಳ ಮಾನಕದಲ್ಲಿ ಒಪ್ಪಿಕೊಳ್ಳಲಾಗಿದೆ. ಪರದೆಯ ಮೇಲೆ ಕೆಂಪೂ ಹಸಿರೂ ಸೇರಿ ಆಗುವ ಹಳದಿಯು ಬಿಳಿಯ ಪಕ್ಕಕ್ಕೇ ಬಂದು ನಿಲ್ಲುವುದು ಇದರಿಂದ. ನಿಮ್ಮ ಫಿಲ್ಟರಿನ ಮೇಲೆ ಸಂಶಯವಿದ್ದರೆ, ನಿಂಬೆಹಳದಿ ಮತ್ತು ಅಲ್ಟ್ರಾಮರೀನ್ (ಗಾಢ ನೀಲಿ) ಬಣ್ಣಗಳನ್ನು ಅಕ್ಕಪಕ್ಕ ಹಚ್ಚಿ ಫೋಟೊ ತೆಗೆಯಿರಿ. ಬೂದಿನಲ್ಲಿ ಅವು ದೂರದೂರ ನಿಲ್ಲದಿದ್ದರೆ ಆ ಫಿಲ್ಟರ್ ಕೆಲಸಕ್ಕೆ ಬಾರದು. ಫೋನಿನ ಎಚ್‌ಡಿಆರ್ ಆಫ್ ಮಾಡುವುದೂ ಒಳ್ಳೆಯದು, ಏಕೆಂದರೆ ಅದು ಗಾಢ ಭಾಗಗಳನ್ನು ತಾನಾಗಿ ಎತ್ತಿಬಿಡುತ್ತದೆ.

ನೀರುಬಣ್ಣ:

ಹಳದಿಯ ಪದರ ಹೆಚ್ಚಿದಷ್ಟೂ ಮಂಕಾಗುತ್ತಿದೆ ಎಂಬ ನಿಮ್ಮ ಮಾತಿನಲ್ಲಿಯೇ ಉತ್ತರವಿದೆ. ಜಲವರ್ಣದಲ್ಲಿ ಬೆಳಕು ಬಣ್ಣದ ಪದರವನ್ನು ದಾಟಿ, ಕಾಗದಕ್ಕೆ ತಾಗಿ, ಮತ್ತೆ ಅದೇ ಪದರವನ್ನು ದಾಟಿ ಕಣ್ಣಿಗೆ ಬರುತ್ತದೆ. ಪ್ರತಿ ಪದರವೂ ಅದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತದೆಯೇ ಹೊರತು, ಯಾವ ಪದರವೂ ಬೆಳಕನ್ನು ಸೇರಿಸುವುದಿಲ್ಲ. ಮೊದಲ ತೆಳು ಲೇಪನದ ಹಳದಿಯೇ ನಿಮಗೆ ಸಿಗಬಹುದಾದ ಅತಿ ಬೆಳಕಿನ ಹಳದಿ.

ಒಳ್ಳೆಯ ಬಿಳಿ ಕಾಗದವು ತನ್ನ ಮೇಲೆ ಬಿದ್ದ ಬೆಳಕಿನ ಶೇ. 80ರಿಂದ 90ರಷ್ಟನ್ನು ಹಿಂದಿರುಗಿಸುತ್ತದೆ ಮತ್ತು ಒಣಗಿದ ಕಪ್ಪು ಬಣ್ಣವೂ ಶೇ. 4–5ರಷ್ಟನ್ನು ಹಿಂದಿರುಗಿಸುತ್ತದೆ ಎಂದುಕೊಂಡರೆ, ನಮ್ಮ ಕೈಯಲ್ಲಿರುವ ಅಂತರ ಇಪ್ಪತ್ತು ಪಟ್ಟಿನ ಆಸುಪಾಸಿನದು. ಕತ್ತಲ ಕೋಣೆಯಲ್ಲಿ ಉರಿಯುವ ಬತ್ತಿಗೂ ಮೂಲೆಯ ಕತ್ತಲೆಗೂ ಇರುವ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು. ಕಾಗದದ ಬಿಳುಪಿಗಿಂತ ಮೇಲಕ್ಕೆ ಏರಲು ಸಾಧ್ಯವಿಲ್ಲದ್ದರಿಂದ, ದೀಪವನ್ನು ಬೆಳಗಿಸಲು ಉಳಿಯುವ ದಾರಿಯೆಂದರೆ ಉಳಿದೆಲ್ಲವನ್ನೂ ಕೆಳಕ್ಕೆ ಇಳಿಸುವುದು. ಹಲ್ದಣಕರ್ ಅವರ ಆ ಚಿತ್ರವೂ ಜಲವರ್ಣವೇ. ರವಿವರ್ಮನದೆಂದು ತಪ್ಪಾಗಿ ಹೇಳುತ್ತಾ, ಅದರ ಜೊತೆಗೆ ತೈಲವರ್ಣವೆಂದೂ ಅನೇಕರು ನಂಬಿಕೊಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲಿನ ಪ್ರಭೆ ನಿಂತಿರುವುದು ಹಳದಿಯ ಮೇಲಲ್ಲ, ಸುತ್ತಲಿನ ಗಾಢ ಹಿನ್ನೆಲೆಯ ಮೇಲೆ.

ಸೆಪಿಯಾ ಎಂಬ ಗಾಢ ಕಂದು ಬಣ್ಣವೊಂದನ್ನೇ ಬಳಸಿ ಕಾಗದದ ಬಿಳುಪಿನಿಂದ ಅತಿ ಗಾಢದವರೆಗೆ ಐದು ಮೆಟ್ಟಿಲುಗಳ ಪಟ್ಟಿ ಮಾಡಿ, ಅಂಗೈಗಿಂತ ಚಿಕ್ಕದಾದ ಮೂರುನಾಲ್ಕು ಕರಡುಗಳಲ್ಲಿ ಆ ಮೆಟ್ಟಿಲುಗಳನ್ನು ಹಂಚಿ ನೋಡಿ. ಬಿಳುಪು ದೀಪದ ಬಳಿ ಮಾತ್ರ ಇರಲಿ. ಮುಖದ ಬೆಳಗಿದ ಭಾಗ ಎರಡನೆಯ ಮೆಟ್ಟಿಲಿಗಿಂತ ಮೇಲೇರದಿರಲಿ, ಸೀರೆ ತಿಳಿಬಣ್ಣದ್ದಾದರೂ ನೆರಳಿನಲ್ಲಿ ಮೂರು-ನಾಲ್ಕಕ್ಕೆ ಇಳಿಯಲಿ. ಹೆಚ್ಚಿನವರು ಎಡವುವುದು ಈ ಸೀರೆಯಂಥ ಜಾಗದಲ್ಲಿ: ಬಟ್ಟೆ ತಿಳಿಬಣ್ಣದ್ದೆಂದು ಮನಸ್ಸಿಗೆ ಗೊತ್ತಿರುವುದರಿಂದ ಕೈ ಅದನ್ನು ಗಾಢಗೊಳಿಸಲು ಒಪ್ಪುವುದಿಲ್ಲ. ಕಣ್ಣನ್ನು ಅರೆಮುಚ್ಚಿ ನೋಡಿದರೆ ವಿವರಗಳು ಕರಗಿ ಮೆಟ್ಟಿಲುಗಳಷ್ಟೇ ಉಳಿಯುತ್ತವೆ.

ಇನ್ನು ಕಿತ್ತಳೆ ಬಣ್ಣ. ಅತಿ ತೀವ್ರವಾದ ಕಿತ್ತಳೆಯನ್ನು ಬೆಳಕಿನ ನಡುವೆ ಇಡದೆ, ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಇಡಿ. ದೀಪಕ್ಕೆ ಅಡ್ಡಹಿಡಿದ ಬೆರಳಿನ ತೆಳು ಅಂಚಿನಲ್ಲಿ ಬೆಳಕು ಮಾಂಸದ ಮೂಲಕ ಹಾದು ಕೆಂಪಾಗುತ್ತದೆ. ದಪ್ಪನೆಯ ನಡುಭಾಗ ಗಾಢವಾಗಿಯೇ ಉಳಿಯುತ್ತದೆ. ಇಡೀ ಬೆರಳಿಗೆ ಒಂದೇ ಕಿತ್ತಳೆ ಹಾಕಿದರೆ ಅದು ಬಳಿದಂತೆ ಕಾಣದೆ ಇನ್ನೇನು?

ಬಿಂದುರೇಖೆ:

ಮೇಲಿನ ಉತ್ತರವನ್ನು ಒಪ್ಪುತ್ತೇನೆ; ಆದರೆ ಅದನ್ನು ಓದಿದ ಕೆಲವರು ಎಲ್ಲ ಚಿತ್ರಗಳಿಗೂ ಕಪ್ಪು ಸುರಿಯಲು ಹೊರಡಬಾರದೆಂದು ಒಂದು ಮಾತು ಸೇರಿಸುತ್ತೇನೆ. ಫ್ರೆಂಚ್ ಚಿತ್ರಕಾರ ಮೋನೆ 1872ರಲ್ಲಿ ಬರೆದ ಸೂರ್ಯೋದಯದ ಪ್ರಸಿದ್ಧ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ಕಿತ್ತಳೆ ಸೂರ್ಯನು ಬೂದು ಆಕಾಶದಲ್ಲಿ ಬಹುಮಟ್ಟಿಗೆ ಮರೆಯಾಗುತ್ತಾನೆ, ಏಕೆಂದರೆ ಎರಡರ ವ್ಯಾಲ್ಯೂ ಹೆಚ್ಚುಕಡಿಮೆ ಒಂದೇ. ಆ ಸೂರ್ಯ ನಡುಗಿದಂತೆ ಕಾಣುವುದಕ್ಕೆ ಈ ಸಮಾನತೆಯೇ ಕಾರಣವೆಂದು ದೃಷ್ಟಿವಿಜ್ಞಾನಿಗಳು ವಿವರಿಸಿದ್ದಾರೆ. ಅಲ್ಲಿ ವ್ಯಾಲ್ಯೂ ಬೇಕೆಂದೇ ಹಿಂದೆ ಸರಿದಿದೆ. ದೀಪದ ಚಿತ್ರದಲ್ಲಿ ಅದೇ ಮುಂದಾಳು.

ಇದೆಲ್ಲ ಪಶ್ಚಿಮದಿಂದ ಬಂದ ತಿಳಿವಳಿಕೆಯೆಂಬ ಭಾವನೆಯೂ ಬೇಡ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರವು ಛಾಯೆ ಕೊಡುವ ಕ್ರಮವನ್ನು ವರ್ತನೆ ಎಂದು ಕರೆದು ಅದನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ; ಚುಕ್ಕಿಗಳಿಂದ ಮಾಡುವ ಬಿಂದುಜ ಅವುಗಳಲ್ಲೊಂದು. ಆಚಾರ್ಯರು ರೇಖೆಯನ್ನು, ವಿಚಕ್ಷಣರು ವರ್ತನೆಯನ್ನು ಮೆಚ್ಚಿದರೆ, ಬಣ್ಣದ ಸಮೃದ್ಧಿಗೆ ಮನಸೋಲುವವರು ಇತರ ಜನ ಎಂದೂ ಅದು ಹೇಳುತ್ತದೆ. ಸ್ವಲ್ಪ ಗರ್ವದ ಮಾತು, ಆದರೂ ಬಣ್ಣ ಹೊಂದಿಸುವುದರಲ್ಲೇ ಮುಳುಗುವ ನಮಗೆ ಅದು ಬೇಕಾದದ್ದೇ.

ಕುಂಚಾಸಕ್ತೆ:

ಎಲ್ಲರಿಗೂ ಧನ್ಯವಾದಗಳು. ಕರಡುಗಳಿಂದಲೇ ಆರಂಭಿಸುತ್ತೇನೆ. ಹಿನ್ನೆಲೆಯ ಗಾಢತೆಗೆ ಟ್ಯೂಬಿನ ಕಪ್ಪನ್ನೇ ಬಳಸಬಹುದೇ? ಈಗಿರುವ ಹಾಳೆಯನ್ನು ಉಳಿಸಿಕೊಳ್ಳುವ ದಾರಿಯಿದೆಯೇ?

ನೀರುಬಣ್ಣ:

ಬಳಸಬಹುದು, ಆದರೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು) ಬೆರೆಸಿದರೆ ದೀಪದ ಕಡೆಗೆ ಬೆಚ್ಚಗೂ ದೂರದಲ್ಲಿ ತಣ್ಣಗೂ ವಾಲಿಸಬಲ್ಲ ಗಾಢಬಣ್ಣ ಸಿಗುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಹಸಿಯಾಗಿದ್ದಾಗ ಅತಿಯಾಯಿತೆನ್ನಿಸುವಷ್ಟು ಗಾಢವಾಗಿ ಹಚ್ಚಿ, ಮೊದಲು ತುಂಡು ಕಾಗದದಲ್ಲಿ ಒಣಗಿಸಿ ನೋಡಿ. ಹಾಳೆಯ ಮಟ್ಟಿಗೆ, ದೀಪದ ಬಳಿಯ ಹಳದಿಯನ್ನು ಒದ್ದೆ ಕುಂಚದಿಂದ ಎತ್ತಲು ಪ್ರಯತ್ನಿಸಬಹುದು. ಕಾಗದದ ನಾರಿಗಿಳಿಯುವ ಬಗೆಯ ಹಳದಿಯಾಗಿದ್ದರೆ ಅದು ಏಳುವುದಿಲ್ಲ, ಆಗ ಹೊಸ ಹಾಳೆಯೇ ಗತಿ.